ಕೇಪುಳಕ್ಕೆ ನಾಲ್ಕೇ ಎಸಳು



ಈ ಸಲದ ಚಾಂದ್ರಮಾನ ಯುಗಾದಿಗೆ ಬೆಂಗಳೂರಿನಿಂದ ಮೊಮ್ಮಗಳು ಮಾಡಿ ಕಳುಹಿಸಿದ ಶುಭಾಶಯ ಪತ್ರವೊಂದು ಅಂಚೆಯಲ್ಲಿ ಬಂದಿತು. ದಪ್ಪನೆಯ ಬಿಳಿ ಕಾಗದವನ್ನು ನಡುವೆ ಮಡಚಿ, ಅದರ ಮೇಲೆ ವಸಂತದ ಹೂಗಳನ್ನು ಪದರ ಪದರವಾಗಿ ಅಂಟಿಸಿದ್ದಳು. ತಿಳಿಗೆಂಪಿನ ಮೇಲೆ ಕಡುಗೆಂಪು, ಅದರ ಮೇಲೆ ನವುರಾದ ಗೆರೆಗಳು. ಒಂದು ಹೂವಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಹೂಗಳು ನಮ್ಮ ಕಡೆಯವಲ್ಲ. ಟ್ಯೂಲಿಪ್ ಮತ್ತು ಡ್ಯಾಫೊಡಿಲ್. ಒಳಗೆ ಅವಳದೇ ಕೈಬರಹದಲ್ಲಿ ಎರಡು ಸಾಲು.

ಸಂತೋಷವೂ ಕುತೂಹಲವೂ ಸೇರಿ ದೂರವಾಣಿ ಮಾಡಿ ವಿಚಾರಿಸಿದೆ. "ಸ್ಟ್ಯಾಂಪ್ ಮತ್ತು ಡೈ, ಅಜ್ಜ" ಎಂದು ಅವಳು ವಿವರಿಸಿದಳು. ಸ್ಟ್ಯಾಂಪ್ ಎಂದರೆ ರಬ್ಬರಿನಂತೆ ಮೆತ್ತಗಿರುವ ಪಾರದರ್ಶಕ ಅಚ್ಚು. ಅದನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿ, ಶಾಯಿಯ ಹಾಸಿಗೆ ತಟ್ಟಿ, ಕಾಗದದ ಮೇಲೆ ಒತ್ತುವುದು. ಆಚೆಯದು ಕಾಣುವುದರಿಂದ ಒಂದು ಬಣ್ಣದ ಮೇಲೆ ಇನ್ನೊಂದನ್ನು ಸರಿಯಾಗಿ ಕೂರಿಸಬಹುದು. ಡೈ ಎಂದರೆ ಹೂವಿನ ಆಕಾರದ ತೆಳುವಾದ ಉಕ್ಕಿನ ಅಚ್ಚು; ಅದರ ಅಂಚು ಹರಿತ. ಅದನ್ನು ಕಾಗದದ ಮೇಲಿಟ್ಟು, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಸೇರಿಸಿ, ಹಿಡಿಕೆ ತಿರುಗಿಸಿ ಎರಡು ಉರುಳೆಗಳ ಸಂದಿಯಲ್ಲಿ ದಾಟಿಸಿದರೆ, ಒತ್ತಡಕ್ಕೆ ಕಾಗದವು ಹೂವಾಗಿ ಕತ್ತರಿಸಿ ಬರುತ್ತದೆ. ಗಾಣದಲ್ಲಿ ಕಬ್ಬು ದಾಟುವಂತೆಯೇ.

ಎಲ್ಲವನ್ನೂ ಕೇಳಿದ ಮೇಲೆ ನನ್ನೊಳಗಿನ ಹಳೆಯ ಮಾಸ್ತರ ಸುಮ್ಮನಿರಲಿಲ್ಲ. "ಹಾಗಾದರೆ ಹೂವನ್ನು ಮಾಡಿದ್ದು ಯಂತ್ರವಾಯಿತಲ್ಲ ಮಗಾ, ನೀನು ಮಾಡಿದ್ದೇನು?" ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮೆಲ್ಲನೆ, "ನನಗೆ ಚಿತ್ರ ಬಿಡಿಸಲು ಬರುವುದಿಲ್ಲ ಅಜ್ಜ, ಅದಕ್ಕೇ ಇದು" ಎಂದಳು.

ಈ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಕೊಡಲಿಲ್ಲ. ಅದಕ್ಕಾಗಿಯೇ ಈ ಬರಹ.

ನಾನು ಪಾಠ ಹೇಳಿದ್ದೆಲ್ಲ ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ. ಈಗ ಪ್ರತ್ಯೇಕ ತಾಲೂಕಾಗಿರುವ ಕಡಬವು ಆಗ ಪುತ್ತೂರು ತಾಲೂಕಿಗೆ ಸೇರಿತ್ತು. 1980ರ ದಶಕದ ಕೊನೆಯ ಭಾಗದಲ್ಲಿ ಸುಳ್ಯ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ಸುತ್ತಮುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಆ ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತಿದ್ದವು. ಅವರ ಮಕ್ಕಳು ನಮ್ಮಲ್ಲಿ ಕನ್ನಡ ಕಲಿತು, ನಮ್ಮ ಮಕ್ಕಳೊಡನೆ ತುಳುವಿನಲ್ಲಿ ಜಗಳವಾಡುವಷ್ಟು ಬೆರೆತುಹೋಗಿದ್ದರು.

ಮಾರ್ಚ್ ತಿಂಗಳಲ್ಲಿ, ಪರೀಕ್ಷೆಗೆ ಮೊದಲು, ಕಾರ್ಯಾನುಭವದ ಅವಧಿಯಲ್ಲಿ ಒಂದು ಕೆಲಸ ಕೊಡುತ್ತಿದ್ದೆ. ಪ್ರತಿಯೊಬ್ಬರೂ 15 ಪೈಸೆಯ ಒಂದು ಅಂಚೆ ಕಾರ್ಡು ತರಬೇಕು. ಅದರ ಮೇಲೆ ವಸಂತದ ಹೂವೊಂದನ್ನು ಬಿಡಿಸಿ, ಬಿಸುವಿಗೆ ಅಜ್ಜಿಯ ಮನೆಗೋ ಅತ್ತೆಯ ಮನೆಗೋ ಕಳುಹಿಸಬೇಕು. ಚಿಕ್ಕ ತರಗತಿಯವರಿಗೆ ಬೆಂಡೆಕಾಯಿಯ ಅಚ್ಚು. ಅಡ್ಡಕ್ಕೆ ಕತ್ತರಿಸಿ, ಲೋಳೆಯನ್ನು ಬಟ್ಟೆಯಿಂದ ಒರೆಸಿ, ಗೆರಟೆಯಲ್ಲಿ ಕಲಸಿದ ಬಣ್ಣಕ್ಕೆ ಅದ್ದಿ ಒತ್ತಿದರೆ ಐದೆಸಳಿನ ಹೂವು. ಏಳನೆಯ ತರಗತಿಯವರು ಮಾತ್ರ ಕೈಯಿಂದಲೇ ಬಿಡಿಸಬೇಕೆಂಬುದು ನನ್ನ ನಿಯಮ. ಚೆಂದದ ಕಾರ್ಡಿಗೆ ಒಂದು ಪೆಟ್ಟಿಗೆ ಬಣ್ಣದ ಪೆನ್ಸಿಲ್ ಬಹುಮಾನ.

ಆ ವರ್ಷ ಕೇಪುಳ ಹೂವನ್ನು ಬಿಡಿಸಲು ಹೇಳಿದ್ದೆ. ಶಾಲೆಯ ಹಿಂದಿನ ಮುರಕಲ್ಲಿನ ಗುಡ್ಡೆಯೆಲ್ಲ ಕೇಪುಳದಿಂದ ಕೆಂಪಾಗಿತ್ತು. ಏಳನೆಯ ತರಗತಿಯ, ರಬ್ಬರ್ ಕಾಲನಿಯ ಒಬ್ಬ ಹುಡುಗ ಹವಾಯಿ ಚಪ್ಪಲಿಯ ಸವೆದ ಅಟ್ಟೆಯನ್ನು ಬ್ಲೇಡಿನಿಂದ ಕೆತ್ತಿ, ಬೆರಳಿನ ಉಗುರಿನಷ್ಟು ಸಣ್ಣ ಅಚ್ಚು ಮಾಡಿಕೊಂಡು ಬಂದ. ಕೆಂಪು ಶಾಯಿಯಲ್ಲಿ ಒಂದರ ಮಗ್ಗುಲಲ್ಲಿ ಒಂದಾಗಿ, ಕೆಲವೆಡೆ ಒಂದರ ಮೇಲೊಂದಾಗಿ ಒತ್ತಿ, ದುಂಡನೆಯ ಗೊಂಚಲು ಮಾಡಿದ್ದ. "ನನಗೆ ಚಿತ್ರ ಬರುವುದಿಲ್ಲ ಸಾರ್" ಎಂದ. ನಾನು ಕಾರ್ಡನ್ನು ತರಗತಿಗೆ ಎತ್ತಿ ತೋರಿಸಿ, "ಇದು ಚಿತ್ರವಲ್ಲ, ಮೊಹರು. ಅಂಚೆ ಕಚೇರಿಯವರು ದಿನವೂ ಮಾಡುವುದು ಇದನ್ನೇ" ಎಂದೆ. ಎಲ್ಲರೂ ನಕ್ಕರು. ಜಲವರ್ಣದಲ್ಲಿ ಸೊಗಸಾಗಿ ಬಿಡಿಸಿದ ಇನ್ನೊಂದು ಕಾರ್ಡಿಗೆ ಬಹುಮಾನ ಹೋಯಿತು.

ಮರುದಿನ ಬೆಳಿಗ್ಗೆ ಗುಡ್ಡೆಯ ದಾರಿಯಲ್ಲಿ ಬರುವಾಗ ಏಕೋ ಒಂದು ಕೇಪುಳವನ್ನು ಕಿತ್ತು ನೋಡಿದೆ. ನಾಲ್ಕು ಎಸಳು. ಇನ್ನೊಂದನ್ನು ಕಿತ್ತೆ, ನಾಲ್ಕೇ. ಬಹುಮಾನ ಪಡೆದ ಚಿತ್ರದ ಪ್ರತಿ ಹೂವಿಗೂ ಐದೈದು ಎಸಳುಗಳಿದ್ದವು. ಚಪ್ಪಲಿಯ ಅಟ್ಟೆಯ ಹೂವಿಗೆ ಮಾತ್ರ ಸರಿಯಾಗಿ ನಾಲ್ಕು. ಇಡೀ ತರಗತಿಯಲ್ಲಿ ಹೂವನ್ನು ನಿಜವಾಗಿ ನೋಡಿದ್ದವನು ಅವನೊಬ್ಬನೇ. ಬಹುಮಾನ ಕೊಟ್ಟ ಮಾಸ್ತರನೂ ನೋಡಿರಲಿಲ್ಲ.

ಇದನ್ನು ಅಂದೇ ತರಗತಿಯಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಕೊಟ್ಟ ತೀರ್ಪನ್ನು ಮಕ್ಕಳ ಎದುರು ಬದಲಿಸಲು ಮನಸ್ಸಾಗಲಿಲ್ಲ. ಅಂಚೆಗೆ ಹಾಕಲು ಕಾರ್ಡುಗಳನ್ನು ಕಟ್ಟುವಾಗ ಅವನದೊಂದು ಇರಲಿಲ್ಲ. ಲಂಕೆಯ ಚಹಾ ತೋಟದಲ್ಲೇ ಉಳಿದಿದ್ದ ಅಜ್ಜಿಗೆ ಅದನ್ನು ಕಳುಹಿಸುವ ಆಸೆಯಿತ್ತಂತೆ. ಹೊರದೇಶದ ಅಂಚೆಚೀಟಿಗೆಂದು ಕಾಸನ್ನೂ ಕೂಡಿಸಿದ್ದನಂತೆ. ಅಕ್ಷರ ಬಾರದ ಅಜ್ಜಿಗೆ ಹೂವಾದರೂ ತಿಳಿಯುತ್ತದೆಂಬುದು ಅವನ ಲೆಕ್ಕ. ಲಂಕೆಯಲ್ಲಿಯೂ ಕೇಪುಳ ಬೆಳೆಯುತ್ತದೆ. ಇದನ್ನೆಲ್ಲ ಅವನ ಅಕ್ಕ ಹೇಳಿದಾಗ ಶಾಲೆಗೆ ರಜೆ ಸಿಕ್ಕಿತ್ತು. ಜೂನಿನಲ್ಲಿ ನನಗೆ ವರ್ಗವಾಯಿತು.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಅಚ್ಚು ಬಳಸಿದ ಮಾತ್ರಕ್ಕೆ ಕೈಗೆಲಸದ ಬೆಲೆ ಕುಗ್ಗುವುದಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಚಕ್ಕುಲಿಯ ಅಚ್ಚಿದೆ, ಸೇಮಿಗೆ ಒತ್ತುವ ಮಣೆಯಿದೆ, ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸುವ ಹೂವಿನಾಕಾರದ ಅಚ್ಚಿದೆ. ಚಕ್ಕುಲಿಯನ್ನು ಅಮ್ಮ ಮಾಡಿದಳೆನ್ನುತ್ತೇವೆ, ಅಚ್ಚು ಮಾಡಿತೆನ್ನುವುದಿಲ್ಲ. ಡೈ ಎಂಬ ಮಾತೂ ನಮಗೆ ಹೊಸದಲ್ಲ. ಅಡಿಕೆ ಹಾಳೆಯನ್ನು ನೆನೆಸಿ, ಬಿಸಿ ಡೈಯಲ್ಲಿ ಒತ್ತಿ ತಟ್ಟೆ ಮಾಡುವ ಯಂತ್ರಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಮದುವೆಯ ಕರೆಯೋಲೆಗೆ ಕಮಾನಿನ ಅಂಚು ಕತ್ತರಿಸುವುದೂ ಡೈಯಿಂದಲೇ.

ಶುಭಾಶಯ ಪತ್ರದ ಇತಿಹಾಸವೂ ಇದನ್ನೇ ಹೇಳುತ್ತದೆ. ಮಾರಾಟಕ್ಕೆಂದು ಮುದ್ರಿಸಿದ ಮೊದಲ ಕ್ರಿಸ್‌ಮಸ್ ಪತ್ರವೆಂದು ಹೆಸರಾದದ್ದು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಜೆ. ಸಿ. ಹಾರ್ಸ್ಲಿ ಎಂಬ ಚಿತ್ರಕಾರರಿಂದ ಬರೆಸಿದ ಪತ್ರ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿ, ಬಣ್ಣವನ್ನು ಮಾತ್ರ ಕೈಯಿಂದ ತುಂಬಿದ್ದು. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದೂ ಕಲ್ಲಚ್ಚಿನಲ್ಲಿಯೇ. ಶುಭಾಶಯ ಪತ್ರವು ಮೊದಲಿನಿಂದಲೂ ಅರ್ಧ ಅಚ್ಚಿನದು, ಅರ್ಧ ಕೈಯದು.

ಇನ್ನೂ ಒಂದು ಮಾತು. ಅಚ್ಚನ್ನು ಸ್ವತಃ ಕೆತ್ತುವವನು ಚಿತ್ರ ಬಿಡಿಸುವವನಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ. ಎಸಳೆಷ್ಟು, ಯಾವುದನ್ನು ಉಳಿಸಬೇಕು, ಯಾವುದನ್ನು ಕೆತ್ತಿ ತೆಗೆಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಅಕ್ಷರವಾದರೆ ತಿರುಗುಮುರುಗಾಗಿ ಕೆತ್ತಬೇಕು. 'ಶುಭ'ವನ್ನು ನೇರವಾಗಿ ಕೆತ್ತಿ, ಒತ್ತಿದ ಮೇಲೆ ಕಕ್ಕಾಬಿಕ್ಕಿಯಾದ ಮಕ್ಕಳನ್ನು ನಾನು ಕಂಡಿದ್ದೇನೆ. ಮಕ್ಕಳು ಕೈಯಾಡಿಸಿ, ಕಣ್ಣಿಂದ ಕಂಡು ಕಲಿಯಲೆಂದು ಡಾ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಪ್ರಯೋಗಗಳನ್ನು ನಡೆಸಿದ್ದರು. ಅದೇ ಊರಿನ ಆಸುಪಾಸಿನಲ್ಲಿ ಮೂರು ದಶಕ ಪಾಠ ಮಾಡಿದ ನನಗೆ ಆ ಪಾಠ ಹತ್ತಲು ಒಬ್ಬ ಹುಡುಗನ ಚಪ್ಪಲಿಯ ಅಟ್ಟೆ ಬೇಕಾಯಿತು.

ಹಾಗೆಂದು ಮೊಮ್ಮಗಳ ಪತ್ರದ ಬಗ್ಗೆ ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ಬಣ್ಣದ ಮೇಲೆ ಬಣ್ಣ ಕೂರಿಸಲು ಅವಳು ಎರಡು ಗಂಟೆ ಕುಳಿತಿದ್ದಳು; ಆ ತಾಳ್ಮೆಗೆ ನಮಸ್ಕಾರ. ಆದರೆ ಅಂಗಡಿಯ ಡೈಯಲ್ಲಿ ಹೂವನ್ನು ನೋಡುವ ಕೆಲಸವನ್ನು ಬೇರೆ ಯಾರೋ ಮುಗಿಸಿರುತ್ತಾರೆ. ಅವಳು ಡ್ಯಾಫೊಡಿಲ್ ಹೂವನ್ನು ಕಣ್ಣಾರೆ ಕಂಡಿಲ್ಲ, ನಾನೂ ಕಂಡಿಲ್ಲ. ಹಿಮ ಕರಗಿದ ನಾಡಿನ ವಸಂತ ಅದು. ನಮ್ಮ ವಸಂತವೆಂದರೆ ಸೆಖೆ, ಗೇರುಹಣ್ಣಿನ ವಾಸನೆ, ತೋಟಕ್ಕೆ ನೀರು ಹಾಯಿಸುವ ಗಡಿಬಿಡಿ, ಪುತ್ತೂರು ಜಾತ್ರೆ. ಕೊಂಬೆಯ ಮೈಗೇ ಅಂಟಿಕೊಂಡು ಅರಳುವ ಸುರಗಿ, ದಾರಿಯ ಬದಿಯಲ್ಲಿ ಜೋತುಬಿದ್ದ ಕಕ್ಕೆ, ಗುಡ್ಡೆಯ ಕೇಪುಳ. ಇವಕ್ಕೆ ಅಂಗಡಿಯಲ್ಲಿ ಡೈ ಸಿಗದಿದ್ದರೆ ನಾವೇ ಕೆತ್ತಿಕೊಳ್ಳೋಣ. ಐದೆಸಳಿನ ಕಕ್ಕೆಗೆ ಬೆಂಡೆಕಾಯಿ ಸಾಕು. ಸುರಗಿಗೂ ಕೇಪುಳಕ್ಕೂ ನಾಲ್ಕೆಸಳು, ಕೆತ್ತಲೇಬೇಕು. ಬಣ್ಣಕ್ಕೆ ಬಸಳೆಯ ಹಣ್ಣಿನ ರಸ, ಅರಸಿನ, ಅರಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು. ಇವು ಬೇಗ ಮಾಸುತ್ತವೆ. ಮಾಸಿದರೆ ಮುಂದಿನ ವರ್ಷ ಇನ್ನೊಂದು ಕಳುಹಿಸಬಹುದು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. ಈ ಕೆಲಸವನ್ನು ಮಕ್ಕಳಿಂದ ಮಾಡಿಸಿ, ಆದರೆ ಬಹುಮಾನವಿಡಬೇಡಿ. ಶುಭಾಶಯಕ್ಕೆ ತೀರ್ಪುಗಾರ ಯಾರೆಂದರೆ ಅದು ಯಾರ ಕೈ ಸೇರುತ್ತದೆಯೋ ಅವರು. ಮೊಬೈಲಿನಲ್ಲಿ ಒಂದೇ ಹೂವನ್ನು ಇನ್ನೂರು ಜನರಿಗೆ ಕಳುಹಿಸುವುದನ್ನು ನಾನು ದೂರುವುದಿಲ್ಲ, ನಾನೂ ಕಳುಹಿಸುತ್ತೇನೆ. ಅಂಚೆ ಕಾರ್ಡಿಗೆ ಇಂದಿಗೂ 50 ಪೈಸೆ. ವರ್ಷಕ್ಕೊಮ್ಮೆ ಒಬ್ಬರ ಹೆಸರು ಬರೆದು ಒಂದನ್ನು ಕಳುಹಿಸುವುದು ಕಷ್ಟವಲ್ಲ.

ಬಿಸುವಿಗೆ ಮೊಮ್ಮಗಳು ಊರಿಗೆ ಬಂದಿದ್ದಳು. ಅವಳಲ್ಲಿ ತಪ್ಪೊಪ್ಪಿಕೊಂಡೆ. ಇಬ್ಬರೂ ಜಗಲಿಯಲ್ಲಿ ಕುಳಿತು ಹಳೆಯ ಚಪ್ಪಲಿಯೊಂದರ ಅಟ್ಟೆಯನ್ನು ಕೆತ್ತಿದೆವು. ನನ್ನ ಕೈ ನಡುಗುವುದರಿಂದ ಅಚ್ಚನ್ನು ಮುಗಿಸಿದ್ದು ಅವಳೇ. ಎರಡು ಕಾರ್ಡುಗಳಾದವು. ಒಂದನ್ನು ಅವಳು ತನ್ನ ಗೆಳತಿಗೆ ಕಳುಹಿಸಿದಳು.

ಇನ್ನೊಂದು ನನ್ನ ಮೇಜಿನ ಮೇಲಿದೆ. ಆ ವರ್ಷ ಅವನೊಡನೆ ಏಳನೆಯ ತರಗತಿಯಲ್ಲಿದ್ದವರು ನಿಮ್ಮಲ್ಲಿ ಕೆಲವರು ಇದನ್ನು ಓದುತ್ತೀರಿ. ಅವನು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಅಂದು ನಕ್ಕದ್ದು ನಿಮಗೂ ನೆನಪಿರಬಹುದು. ಅವನ ವಿಳಾಸ ಗೊತ್ತಿದ್ದವರು ದಯವಿಟ್ಟು ನನಗೆ ತಿಳಿಸಿ. ಕಾರ್ಡಿನಲ್ಲಿ ಹೂವಿದೆ, ಎರಡು ಸಾಲು ಬರೆದಿದ್ದೇನೆ. ವಿಳಾಸದ ಜಾಗವೊಂದು ಖಾಲಿಯಿದೆ.