ಹೊಸ ಕಾರಿಗೆ ಮೂರು ಸಾಕ್ಷಿಗಳು

ತಿಪಟೂರಿನ ಕಡೆಯಿಂದ ಸೋದರಿಯೊಬ್ಬರು ಕಾಗದ ಬರೆದು, ತಮ್ಮ ಯಜಮಾನರು ಹೊಸ ಕಾರೊಂದನ್ನು ಕೊಳ್ಳಬೇಕೆಂದಿರುವರೆಂದೂ, ಒಬ್ಬರು ಮೈಲೇಜನ್ನು ನೋಡಿರೆಂದರೆ ಇನ್ನೊಬ್ಬರು ನಕ್ಷತ್ರಗಳನ್ನು ಎಣಿಸಿರೆನ್ನುವರೆಂದೂ, ಈಗಾಗಲೇ ಕೊಂಡವರನ್ನು ವಿಚಾರಿಸಿದರೆ ಎಲ್ಲರೂ ತಮ್ಮ ತಮ್ಮ ಗಾಡಿಯನ್ನೇ ಹೊಗಳುವರೆಂದೂ ತಿಳಿಸಿ, ಇವರಲ್ಲಿ ಯಾರ ಮಾತನ್ನು ನಂಬಬೇಕೆಂದು ಕೇಳಿರುತ್ತಾರೆ. ಮೂವತ್ತು ವರ್ಷ ಶಬ್ದಗಳನ್ನೂ ಧಾತುಗಳನ್ನೂ ಬಾಯಿಪಾಠ ಮಾಡಿಸಿದ ಮೇಷ್ಟ್ರನ್ನು ಮೋಟಾರಿನ ವಿಷಯವಾಗಿ ಕೇಳುವುದು ವಿನೋದವೇ ಸರಿ. ಆದರೂ ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು ಎಂಬ ವಿಚಾರವು ನಮ್ಮ ತರ್ಕಕ್ಕೆ ಸೇರಿದ್ದು. ಅಲ್ಲದೆ ಹೋದ ವರ್ಷ ನಮ್ಮ ಮನೆಗೂ ಹೊಸ ಕಾರು ಬಂದಿತು. ಅದರ ಸಂಬಂಧವಾಗಿ ನಾನು ತಲೆತಗ್ಗಿಸಬೇಕಾದ ಸಂಗತಿಯೊಂದೂ ನಡೆಯಿತು. ಆದುದರಿಂದ ಬರೆಯುತ್ತೇನೆ.

ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ಕಾರು ಕೊಳ್ಳುವವನಿಗೆ ಪ್ರತ್ಯಕ್ಷವು ದುರ್ಲಭ. ಮಳಿಗೆಯವರು ಓಡಿಸಿ ತೋರಿಸುವ ಎರಡು ಮೈಲಿಗಳಲ್ಲಿ ಏನು ತಿಳಿದೀತು? ಆದಕಾರಣ ಅವನು ಶಬ್ದವನ್ನು, ಎಂದರೆ ಪರರ ಮಾತನ್ನು, ಆಶ್ರಯಿಸಬೇಕಾಗುವುದು. ಆಗ ಆ ಮಾತು ನಿಜವೇ ಎಂದು ಕೇಳಿದರೆ ಸಾಲದು. ಯಾವ ಸಂದರ್ಭದಲ್ಲಿ ನಿಜ ಎಂಬುದನ್ನೂ ಕೇಳಬೇಕು.

ಮೊದಲು ಮೈಲೇಜಿನ ಮಾತು. ಲೀಟರಿಗೆ ಇಷ್ಟು ಕಿಲೋಮೀಟರು ಎಂದು ಅಚ್ಚಾಗುವ ಅಂಕಿಯು ಸುಳ್ಳಲ್ಲ. ಪುಣೆಯಲ್ಲಿ ೧೯೬೬ರಲ್ಲಿ ಸ್ಥಾಪಿತವಾದ, ಎ.ಆರ್.ಎ.ಐ. ಎಂದು ಪ್ರಸಿದ್ಧವಾಗಿರುವ ಸಂಸ್ಥೆಯಂಥ ಕಡೆಗಳಲ್ಲಿ ಅದನ್ನು ಅಳೆಯುತ್ತಾರೆ. ಆದರೆ ಕಾರು ಅಲ್ಲಿ ರಸ್ತೆಯ ಮೇಲೆ ಹೋಗುವುದಿಲ್ಲ. ಪರೀಕ್ಷಾಶಾಲೆಯೊಳಗೆ ಉರುಳೆಗಳ ಮೇಲೆ ನಿಂತಲ್ಲಿಯೇ ಓಡುತ್ತದೆ. ಸುಮಾರು ೨೦ ನಿಮಿಷಗಳ ಓಟ. ಎಲ್ಲಿ ವೇಗ ಹೆಚ್ಚಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲವೂ ಮೊದಲೇ ಗೊತ್ತಾದದ್ದು. ಅತ್ಯಧಿಕ ವೇಗ ಗಂಟೆಗೆ ೯೦ ಕಿಲೋಮೀಟರು. ಇದುವರೆಗೆ ನಡೆದುಬಂದ ಪದ್ಧತಿಯಲ್ಲಿ ಏಸಿಯನ್ನು ಆರಿಸಿರುತ್ತಾರೆ. ಅಲ್ಲಿ ಚಾಮುಂಡಿಬೆಟ್ಟದ ಏರಿಲ್ಲ, ಬೆಂಗಳೂರಿನ ಸಂಜೆಯ ಸಂದಣಿಯಿಲ್ಲ, ಮದುವೆಗೆ ಹೊರಟ ಐದು ಜನರೂ ಅವರ ಪೆಟ್ಟಿಗೆಗಳೂ ಇಲ್ಲ. ಎರಡು ಕಾರುಗಳನ್ನು ಹೋಲಿಸುವುದಕ್ಕೆ ಈ ಅಂಕಿಯು ತಕ್ಕ ಅಳತೆಗೋಲು. ಮನೆಯ ಖರ್ಚನ್ನು ಅದರಿಂದ ಲೆಕ್ಕ ಹಾಕಲು ಹೊರಟರೆ ಮೋಸಹೋಗುವೆವು.

ನಮ್ಮ ಕಾರಿಗೆ ೨೦ ಎಂದು ಬರೆದಿತ್ತು. ನಾನು ಒಂದು ನೋಟುಪುಸ್ತಕವನ್ನು ಇಟ್ಟು, ಟ್ಯಾಂಕು ತುಂಬಿಸಿದಾಗ ಮೀಟರಿನ ಅಂಕಿಯನ್ನು ಬರೆದುಕೊಂಡು, ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಿಡಿಸಿದ ಲೀಟರುಗಳಿಂದ ಭಾಗಿಸುತ್ತ ಬಂದೆನು. ಊರೊಳಗೆ ೧೩, ಹೆದ್ದಾರಿಯಲ್ಲಿ ೧೮. ಇದಕ್ಕೆ ಕಾರಣ ಹಲವು. ೨೦೨೫ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿಗೆ ಶೇಕಡ ೨೦ರಷ್ಟು ಎಥನಾಲು ಬೆರೆಯುವಂತಾಯಿತು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿನಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ ಆದುದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಕಬ್ಬಿನ ರೈತರಿಗೆ ಇದರಿಂದ ಒಳ್ಳೆಯದಾಗುವುದೆಂದು ನಮ್ಮ ಸೊಸೆ ವಾದಿಸುವಳು. ಅವಳ ತವರು ಮಂಡ್ಯದ ಕಡೆ. ಟೈರುಗಳಲ್ಲಿ ಗಾಳಿ ಕಡಿಮೆಯಾದರೂ ಪೆಟ್ರೋಲು ಹೆಚ್ಚು ಖರ್ಚಾಗುವುದು.

ಹೆಚ್ಚು ಮೈಲೇಜಿಗಾಗಿ ಹೆಚ್ಚು ಬೆಲೆಯನ್ನು ತೆರುವ ಮೊದಲು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಮೇಲು. ಹೈಬ್ರಿಡ್ ಕಾರೊಂದು ಸಾಧಾರಣ ಕಾರಿಗಿಂತ ಎರಡು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳೋಣ. ಇದು ಲೀಟರಿಗೆ ೧೬, ಅದು ೨೪. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡಿಸುವ ಮನೆಯಲ್ಲಿ ೬೨೫ ಲೀಟರಿಗೆ ಬದಲು ೪೧೭ ಲೀಟರು ಸಾಕು. ಉಳಿದದ್ದು ೨೦೮ ಲೀಟರು. ಲೀಟರಿಗೆ ನೂರು ರೂಪಾಯಿನಂತೆ ಹಿಡಿದರೆ ಕೊಟ್ಟ ಎರಡು ಲಕ್ಷವು ಹಿಂದಿರುಗಲು ಹತ್ತು ವರ್ಷಕ್ಕೆ ಸ್ವಲ್ಪ ಕಡಿಮೆ. ವರ್ಷಕ್ಕೆ ಮೂವತ್ತು ಸಾವಿರ ಓಡಿಸುವವರಿಗೆ ಮೂರು ವರ್ಷ ಚಿಲ್ಲರೆ. ಆದುದರಿಂದ ಕಾರಿನ ಮೈಲೇಜನ್ನು ಕೇಳುವ ಮೊದಲು ನಮ್ಮ ಓಡಾಟವೆಷ್ಟೆಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಇನ್ನು ಕೊಂಡವರ ಸಾಕ್ಷ್ಯ. ಇದ್ದುದನ್ನು ಇದ್ದಂತೆ ತಿಳಿದು, ತಿಳಿದುದನ್ನು ಮರೆಮಾಚದೆ ಹೇಳುವವನು ಆಪ್ತನು. ಅವನ ಮಾತು ಪ್ರಮಾಣ. ಆದರೆ ಹತ್ತು ಲಕ್ಷ ಸುರಿದು ತಿಂಗಳಾಗಿರುವವನಿಂದ ಎರಡನೆಯ ಗುಣವನ್ನು ನಿರೀಕ್ಷಿಸಬಹುದೇ? ತಾನೇ ಹುಡುಕಿ ತಂದ ಅಳಿಯನನ್ನು ಮಾವನು ಹಳಿದಾನೆಯೇ? ಅಮೆರಿಕದಲ್ಲಿ ಇದನ್ನು ಚೆನ್ನಾಗಿ ಅರಿತಿರುವರು. ಅಲ್ಲಿನ ಜೆ.ಡಿ. ಪವರ್ ಎಂಬ ಸಂಸ್ಥೆಯು ಕೊಂಡ ಮೊದಲ ೯೦ ದಿನಗಳ ದೋಷಗಳನ್ನು ಒಂದು ಪಟ್ಟಿಯಲ್ಲಿಯೂ, ಮೂರು ವರ್ಷ ಹಳೆಯದಾದ ಕಾರುಗಳ ದೋಷಗಳನ್ನು ಬೇರೊಂದು ಪಟ್ಟಿಯಲ್ಲಿಯೂ ಪ್ರಕಟಿಸುವುದು. ೧೯೩೬ರಲ್ಲಿ ಪ್ರಾರಂಭವಾದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಪರೀಕ್ಷೆಗೆ ಬೇಕಾದ ಕಾರನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಅವರು ಒಡೆಯರನ್ನು ಕೇಳುವ ಮುಖ್ಯ ಪ್ರಶ್ನೆ, ಮತ್ತೆ ಕೊಳ್ಳುವುದಾದರೆ ಇದನ್ನೇ ಕೊಳ್ಳುವಿರಾ ಎಂಬುದು.

ಈ ಪ್ರಶ್ನೆಯ ಮಹಿಮೆಯನ್ನು ನಾನು ನಮ್ಮ ಬೀದಿಯಲ್ಲಿಯೇ ಕಂಡೆನು. ನಿವೃತ್ತ ಬ್ಯಾಂಕು ಅಧಿಕಾರಿಗಳೊಬ್ಬರು ತಮ್ಮ ಕಾರನ್ನು ಅರ್ಧ ಗಂಟೆ ವರ್ಣಿಸಿದ ಮೇಲೆ ಇದನ್ನು ಕೇಳಿದೆನು. ಅವರು ಗೇಟಿನ ಕಡೆ ನೋಡಿ, ಧ್ವನಿ ತಗ್ಗಿಸಿ, "ಇಲ್ಲ ಮೇಷ್ಟ್ರೇ. ಕ್ಲಚ್ಚು ತುಳಿದು ತುಳಿದು ಮೊಣಕಾಲು ಹೋಯಿತು. ನಮ್ಮ ಹುಡುಗನಿಗೆ ಮಾತ್ರ ಹೇಳಬೇಡಿ, ಅವನು ಆಗಲೇ ಆಟೊಮ್ಯಾಟಿಕ್ ಎಂದಿದ್ದ" ಎಂದರು.

ಮೂರನೆಯದು ನಕ್ಷತ್ರ. ಇದರಲ್ಲಿ ನಮ್ಮ ದೇಶವು ಅಲ್ಪಕಾಲದಲ್ಲಿ ಬಹಳ ಮುಂದುವರಿದಿದೆಯೆಂಬುದನ್ನು ಸಂತೋಷದಿಂದ ಒಪ್ಪಬೇಕು. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮಲ್ಲಿ ಮಾರಾಟವಾಗುತ್ತಿದ್ದ, ಏರ್‌ಬ್ಯಾಗು ಇಲ್ಲದ ಐದು ಸಣ್ಣ ಕಾರುಗಳನ್ನು ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ಬಂದಿತು. ೨೦೧೮ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರಗಳನ್ನು ಪಡೆಯಿತು. ೨೦೨೩ರ ಅಕ್ಟೋಬರ್ ೧ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಆರಂಭವಾಯಿತು. ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಕ್ಕವನ್ನು ತಡೆಗೆ ಡಿಕ್ಕಿ ಹೊಡೆಸಿ, ಒಳಗಿರುವ ಗೊಂಬೆಗಳಿಗೆ ತಗಲುವ ಪೆಟ್ಟನ್ನು ಅಳೆಯುತ್ತಾರೆ. ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆ ಬೇರೆ ನಕ್ಷತ್ರಗಳುಂಟು, ಎರಡನ್ನೂ ನೋಡಬೇಕು.

ನಮ್ಮ ಕಾರಿಗೆ ಐದು ನಕ್ಷತ್ರ. ಅದನ್ನು ಕೊಳ್ಳಲು ಒತ್ತಾಯಿಸಿದವನು ನಾನೇ. ಕೊಂಡ ಎರಡನೆಯ ತಿಂಗಳಲ್ಲಿ ಮೇಲುಕೋಟೆಗೆ ಹೊರಟೆವು. ಮಗನು ನಡೆಸುತ್ತಿದ್ದನು, ಪಕ್ಕದ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಮೊಮ್ಮಗಳು. ಅವಳಿಗೆ ನಾಲ್ಕು ವರ್ಷ. ಹಿಂದಿನ ಸೀಟಿನಲ್ಲಿ ಮಗುವಿನ ಸೀಟನ್ನು ಕಟ್ಟಿಯೇ ಇದ್ದರು. ಹೊರಡುವಾಗ ಸೊಸೆಯು, "ಮಾವ, ಅವಳು ಅಲ್ಲಿಯೇ ಕೂತುಕೊಳ್ಳಲಿ" ಎಂದಳು. ಮಗುವು ಅತ್ತಿತು. ನಾನು, "ನಾನು ಹಿಡಿದುಕೊಂಡಿರುವಾಗ ಏನು ಭಯ?" ಎಂದೆನು. ಮಗುವಿಗೆ ಒತ್ತುವುದೆಂದು ನನ್ನ ಬೆಲ್ಟನ್ನೂ ಕಟ್ಟಲಿಲ್ಲ. ಪಾಂಡವಪುರ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂದಿತು. ವೇಗವು ನಲವತ್ತನ್ನು ಮೀರಿರಲಿಲ್ಲ. ಮಗನು ಬ್ರೇಕು ಒತ್ತಿದನು, ಎಮ್ಮೆಗೆ ತಗಲಲಿಲ್ಲ, ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಮಗು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಅವಳ ಹಣೆಯು ಡ್ಯಾಷ್‌ಬೋರ್ಡಿಗೆ ಬಡಿದಿತ್ತು. ಮೂರು ಹೊಲಿಗೆ ಹಾಕಿದರು. ದಾರಿಯುದ್ದಕ್ಕೂ ಸೊಸೆಯು ನನಗೆ ಒಂದು ಮಾತನ್ನೂ ಆಡಲಿಲ್ಲ, ಆಡಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ನನ್ನ ಹಳೆಯ ಸಹೋದ್ಯೋಗಿಗಳಾದ ಭೌತಶಾಸ್ತ್ರದ ಮೇಷ್ಟ್ರ ಬಳಿಗೆ ಹೋಗಿ ಲೆಕ್ಕ ಕೇಳಿದೆನು. ಗಂಟೆಗೆ ೫೦ರ ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ, ೧೪ ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು ೨೭೫ ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ನನಗೆ ಎರಡು ಕೊಡ ನೀರು ಎತ್ತಿದರೆ ತೋಳು ನಡುಗುತ್ತದೆ. ಒಂದುವೇಳೆ ಅಂಥ ಡಿಕ್ಕಿಯಾಗಿ ಏರ್‌ಬ್ಯಾಗು ತೆರೆದಿದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವ ಅದರ ಹೊಡೆತವು ಮೊದಲು ಬೀಳುತ್ತಿದ್ದುದು ಮಗುವಿನ ಮೇಲೆ.

ಪರೀಕ್ಷೆಯ ಗೊಂಬೆಗಳಾದರೋ ಬೆಲ್ಟು ಕಟ್ಟಿಕೊಂಡೇ ಕುಳಿತಿರುತ್ತವೆ. ಮಕ್ಕಳ ಗೊಂಬೆಗಳು ಹಿಂದಿನ ಸೀಟಿನಲ್ಲಿ, ಮಗುವಿನ ಸೀಟಿನೊಳಗೆ. ತಾತನ ತೊಡೆಯ ಮೇಲಿನ ಗೊಂಬೆಗೆ ಯಾರೂ ನಕ್ಷತ್ರ ಕೊಟ್ಟಿಲ್ಲ. ಭುಜದಿಂದಲೂ ಸೊಂಟದಿಂದಲೂ ಹಿಡಿಯುವ ಈಗಿನ ಬೆಲ್ಟನ್ನು ೧೯೫೯ರಲ್ಲಿ ವೋಲ್ವೊ ಕಾರ್ಖಾನೆಯ ನಿಲ್ಸ್ ಬೋಲಿನ್ ಎಂಬುವರು ಸಿದ್ಧಪಡಿಸಿದರು. ಆ ಕಾರ್ಖಾನೆಯವರು ಅದನ್ನು ತಮ್ಮ ಸ್ವತ್ತೆಂದು ಬಿಗಿಹಿಡಿಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗೆ ಬಂದ ವಸ್ತುವನ್ನು ನಮ್ಮವರು ಹಿಂದಿನ ಸೀಟಿನ ಸಂದಿಯೊಳಗೆ ತುರುಕಿ ಮೇಲೆ ಹೊದಿಕೆ ಹಾಸುತ್ತಾರೆ. ಹಿಂದೆ ಕುಳಿತವರೂ ಕಟ್ಟಿಕೊಳ್ಳಬೇಕೆಂಬುದು ಕಾನೂನು; ೨೦೧೯ರ ತಿದ್ದುಪಡಿಯಂತೆ ತಪ್ಪಿದರೆ ಸಾವಿರ ರೂಪಾಯಿ ದಂಡ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಭದ್ರಪಡಿಸದಿದ್ದರೂ ಅಷ್ಟೇ. ೨೦೨೨ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರಿನ ಬಳಿ ಅಪಘಾತದಲ್ಲಿ ತೀರಿಕೊಂಡಾಗ, ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟು ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಅವರು ಕುಳಿತಿದ್ದುದು ಸಾಮಾನ್ಯವಾದ ಗಾಡಿಯಲ್ಲ.

ತಿಪಟೂರಿನ ಸೋದರಿಯವರು ಮನೆಯಲ್ಲಿ ಮಕ್ಕಳಿರುವರೋ ಇಲ್ಲವೋ ಬರೆದಿಲ್ಲ. ಇದ್ದರೆ, ಮಳಿಗೆಗೆ ಹೋಗುವ ದಿನ ಮಗುವನ್ನೂ ಮಗುವಿನ ಸೀಟನ್ನೂ ಜೊತೆಯಲ್ಲಿಯೇ ಕರೆದೊಯ್ಯಲಿ. ಹಿಂದಿನ ಸೀಟಿನ ಬುಡದಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿರುವುವು. ಅವಕ್ಕೆ ಆ ಸೀಟು ಅಲುಗದಂತೆ ಕೂರುವುದೇ ಎಂಬುದನ್ನು ತಾವೇ ಸಿಕ್ಕಿಸಿ ನೋಡಲಿ. ನಮ್ಮ ಮೊಮ್ಮಗಳು ಈಗಲೂ ಮೊದಲ ಎರಡು ಮೈಲಿ ಅಳುತ್ತಾಳೆ. ಆಮೇಲೆ, "ತಾತ, ನಿನ್ನದು ಟಕ್ ಅಂದಿತಾ?" ಎಂದು ಕೇಳುತ್ತಾಳೆ.