ಮುಳ್ಳು ತೋರುವ ಸೊನ್ನೆ

ರೇಡಿಯೊ ರಿಪೇರಿ ಮಾಡುವವರ ಮೇಜಿನ ಮೇಲೆ ಕರಿಯ ಪೆಟ್ಟಿಗೆಯೊಂದನ್ನು ವಾಚಕರು ಕಂಡಿರಬಹುದು. ಗಾಜಿನೊಳಗೆ ಒಂದು ಮುಳ್ಳು, ಅದರ ಕೆಳಗೆ ತಿರುಗಿಸುವ ಗುಂಡಿ, ಕೆಂಪು ಕಪ್ಪು ಬಣ್ಣದ ಎರಡು ತಂತಿ. ಇದೇ ಮಲ್ಟಿಮೀಟರ್. ಅಂಕಿಗಳನ್ನೇ ಬರೆದು ತೋರಿಸುವ ಮೀಟರುಗಳು ಈಗ ಎಲ್ಲೆಡೆ ಬಂದಿದ್ದರೂ ಮುಳ್ಳಿನ ಮೀಟರು ಮೂಲೆಗುಂಪಾಗಿಲ್ಲ.

ಪ್ರವಾಹ, ವೋಲ್ಟು, ರೋಧ ಇವನ್ನು ಅಳೆಯಲು ಒಂದೊಂದಕ್ಕೂ ಬೇರೆ ಬೇರೆ ಉಪಕರಣವನ್ನು ಹೊತ್ತು ತಿರುಗುವ ಕಷ್ಟವನ್ನು ತಪ್ಪಿಸಲು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದನು. ಅದು 1923ರಲ್ಲಿ ಮಾರಾಟಕ್ಕೆ ಬಂದಿತು. ಆಂಪಿಯರ್, ವೋಲ್ಟ್, ಓಮ್ ಎಂಬ ಮಾತುಗಳ ಮೊದಲಕ್ಷರಗಳಿಂದ ಅದಕ್ಕೆ ‘ಆವೋ’ ಎಂಬ ಹೆಸರಾಯಿತು.

ಇದರ ಒಳಗುಟ್ಟು ಸರಳವಾದುದು. ಕುದುರೆಲಾಳದಂಥ ಅಯಸ್ಕಾಂತದ ನಡುವೆ ಸಣ್ಣ ತಾಮ್ರದ ತಂತಿಯ ಸುರುಳಿಯೊಂದು ತಿರುಗುವಂತೆ ನಿಂತಿದೆ. ಪ್ರವಾಹ ಹರಿದಾಗ ಸುರುಳಿ ತಿರುಗುತ್ತದೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗುಗಳು ಅದನ್ನು ಹಿಂದಕ್ಕೆಳೆಯುತ್ತವೆ. ಎರಡೂ ಬಲಗಳು ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ.

ಈ ಸುರುಳಿಗೆ ತಿಳಿಯುವುದು ಪ್ರವಾಹವೊಂದೇ. ಹಾಗಾದರೆ ವೋಲ್ಟನ್ನು ಹೇಗೆ ಅಳೆಯುವುದು? ಸುರುಳಿಯ ರೋಧ 2,000 ಓಮ್, ಮುಳ್ಳು ಕೊನೆ ಮುಟ್ಟಲು ಬೇಕಾದ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲಿ 50 ಭಾಗ ಎಂದಿಟ್ಟುಕೊಳ್ಳಿ. ಅದರೊಡನೆ 1,98,000 ಓಮ್ ರೋಧವನ್ನು ಸಾಲಾಗಿ ಜೋಡಿಸಿದರೆ, 10 ವೋಲ್ಟಿಗೆ ಸರಿಯಾಗಿ ಮುಳ್ಳು ಕೊನೆ ಮುಟ್ಟುತ್ತದೆ. ಹೆಚ್ಚಿನ ಪ್ರವಾಹವನ್ನು ಅಳೆಯುವಾಗ ಪಕ್ಕದಲ್ಲೊಂದು ಕಿರುರೋಧವನ್ನಿಟ್ಟು, ಬಹುಪಾಲನ್ನು ಅದರ ಮೂಲಕ ಸಾಗಿಸುತ್ತಾರೆ. ರೋಧವನ್ನು ಅಳೆಯಲು ಪೆಟ್ಟಿಗೆಯೊಳಗಿನ ಸೆಲ್ಲೇ ಪ್ರವಾಹ ಕೊಡುತ್ತದೆ. ರೋಧ ಕಡಿಮೆಯಾದಷ್ಟೂ ಪ್ರವಾಹ ಹೆಚ್ಚು. ಆದುದರಿಂದಲೇ ಓಮಿನ ಪಟ್ಟಿಯಲ್ಲಿ ಸೊನ್ನೆ ಬಲತುದಿಯಲ್ಲಿರುತ್ತದೆ. ಗುಂಡಿ ತಿರುಗಿಸುವುದೆಂದರೆ ಈ ಜೋಡಣೆಗಳಲ್ಲಿ ಒಂದನ್ನು ಆರಿಸುವುದೇ ಆಗಿದೆ.

ಆ ಆಯ್ಕೆಯಲ್ಲಿಯೇ ಅಪಾಯವೂ ಅಡಗಿದೆ. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವ ಎ.ಸಿ. ಪ್ರವಾಹ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಸುರುಳಿಗೆ ಕೊಡುವ ಡಯೋಡು ಎ.ಸಿ. ಶ್ರೇಣಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಗುಂಡಿಯನ್ನು ಡಿ.ಸಿ. ವೋಲ್ಟಿನಲ್ಲಿಟ್ಟು ಪ್ಲಗ್ಗಿನ ತೂತುಗಳಿಗೆ ತಂತಿ ಮುಟ್ಟಿಸಿದರೆ, ಸುರುಳಿಯನ್ನು ಅತ್ತ ತಳ್ಳಿದ ಬಲವೇ ಮರುಕ್ಷಣ ಇತ್ತ ತಳ್ಳುತ್ತದೆ. ಮುಳ್ಳು ಕೊಂಚ ನಡುಗಬಹುದು, ಇಲ್ಲವೆ ಸೊನ್ನೆಯಲ್ಲಿಯೇ ಸುಮ್ಮನಿರಬಹುದು. ನೋಡಿದವನು ವಿದ್ಯುತ್ತಿಲ್ಲವೆಂದು ನಂಬಿ ಕೈಯಿಟ್ಟನೆಂದರೆ ಪ್ರಾಣಕ್ಕೇ ಸಂಚಕಾರ! ಮೀಟರಿನ ತಂತಿ ಒಳಗೆ ತುಂಡಾಗಿದ್ದರೂ ಕಾಣುವುದು ಅದೇ ಸೊನ್ನೆ.

ಆದುದರಿಂದ ಕೆಲಸ ಬಲ್ಲವರು ಮೂರು ಸಲ ಅಳೆಯುತ್ತಾರೆ. ಮೊದಲು ವಿದ್ಯುತ್ತಿದೆಯೆಂದು ಖಚಿತವಾಗಿ ಗೊತ್ತಿರುವೆಡೆಯಲ್ಲಿ ಮೀಟರನ್ನು ಪರೀಕ್ಷಿಸುತ್ತಾರೆ. ಬಳಿಕ ಮೇನ್ ಸ್ವಿಚ್ಚು ಆರಿಸಿದ ಜಾಗದಲ್ಲಿ ನೋಡುತ್ತಾರೆ. ಕಡೆಗೆ ಮತ್ತೆ ಮೊದಲಿನ ಕಡೆಯೇ ಮುಟ್ಟಿಸಿ, ಮೀಟರು ನಡುವೆ ಕೆಟ್ಟಿಲ್ಲವೆಂದು ಖಾತರಿ ಮಾಡಿಕೊಳ್ಳುತ್ತಾರೆ.

ಉಳಿದ ಎಚ್ಚರಿಕೆಗಳೂ ಮನನೀಯ. ಅಳತೆ ತಿಳಿಯದಿದ್ದರೆ ಅತಿ ಹೆಚ್ಚಿನ ಶ್ರೇಣಿಯಿಂದ ಆರಂಭಿಸಿ ಕೆಳಗಿಳಿಯಿರಿ. ವಿದ್ಯುತ್ ಹರಿಯುತ್ತಿರುವೆಡೆ ಓಮ್ ಶ್ರೇಣಿಯನ್ನು ಬಳಸಬೇಡಿ, ಸುರುಳಿ ಸುಟ್ಟೀತು. ಆಂಪಿಯರ್ ಶ್ರೇಣಿಯಲ್ಲಿಟ್ಟು ಪ್ಲಗ್ಗಿಗೆ ಮುಟ್ಟಿಸುವುದಂತೂ ಎರಡು ತಂತಿಗಳನ್ನು ನೇರವಾಗಿ ಕೂಡಿಸಿದಂತೆಯೇ ಸರಿ. ಮೀಟರಿನ ಮುಖದಲ್ಲಿ ಕನ್ನಡಿಯ ಪಟ್ಟಿಯಿದ್ದರೆ, ಮುಳ್ಳು ತನ್ನ ಬಿಂಬವನ್ನು ಮರೆಮಾಡುವಂತೆ ನೇರ ನಿಂತು ಓದಿರಿ. ಕೆಲಸ ಮುಗಿದ ಮೇಲೆ ಗುಂಡಿಯನ್ನು ‘ಆಫ್’ ಸ್ಥಾನಕ್ಕೆ, ಅದಿಲ್ಲದಿದ್ದರೆ ಎ.ಸಿ. ವೋಲ್ಟಿನ ಅತಿ ಹೆಚ್ಚಿನ ಶ್ರೇಣಿಗೆ ತಿರುಗಿಸಿಡಿರಿ. ನಾಳೆ ಅದನ್ನು ಅವಸರದಲ್ಲಿ ಎತ್ತಿಕೊಳ್ಳುವ ಕೈ ಮನೆಯ ಮಗನದೇ ಆಗಿರಬಹುದು.