ಹಳೆಯ ಕಾರಿಗೆ ಹೊಸ ಗಾಲಿ: ಅಂದದ ಹಿಂದಿನ ಲೆಕ್ಕ

ಬಲಸಮುದ್ರದ ಕಡೆ ಯಾವುದಾದರೂ ಮದುವೆ ಮನೆಯ ಮುಂದೆ ನಿಂತ ಕಾರುಗಳ ನಂಬರು ಫಲಕಗಳನ್ನು ಓದುತ್ತಾ ಹೋಗಿ. ಕೆ.ಎ. 64 ಎಂದಿದ್ದರೆ ಮಧುಗಿರಿಯಲ್ಲಿ ನೋಂದಣಿಯಾದದ್ದು, ಕೆ.ಎ. 06 ತುಮಕೂರಿನದು. ನಡುನಡುವೆ ಕೆ.ಎ. 01ರಿಂದ 05ರವರೆಗಿನ ಬೆಂಗಳೂರಿನ ಸಂಖ್ಯೆಗಳೂ ಇಣುಕುತ್ತವೆ. ನಗರದಲ್ಲಿ ಏಳೆಂಟು ವರ್ಷ ಓಡಿ, ಕೈ ಬದಲಾಯಿಸಿ ಊರಿಗೆ ಬಂದ ಕಾರುಗಳು ಅವುಗಳಲ್ಲಿ ಇರುತ್ತವೆ. ಹಿಂಬದಿಯಲ್ಲಿ ಡಿಕ್ಕಿ ಚಾಚಿಕೊಂಡಿರುವ ಸೆಡಾನ್ ಕಾರೆಂದರೆ ಮನೆಮಂದಿಗೆಲ್ಲ ಇಷ್ಟ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ, 2010ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಎಟಿಯೋಸ್ ಅಂಥದ್ದೊಂದು. 2020ರಲ್ಲಿ ಅದರ ಮಾರಾಟ ನಿಂತರೂ ಹಳೆಯ ಎಟಿಯೋಸ್‌ಗಳು ಇಂದಿಗೂ ರಸ್ತೆಯ ಮೇಲಿವೆ.

ಒಂದು ಮನೆಯಲ್ಲಿ ತಂದೆ ಕಷ್ಟಪಟ್ಟು ಕೂಡಿಟ್ಟ ಹಣದಲ್ಲಿ ಇಂತಹ ಕಾರನ್ನು ಕೊಂಡರು ಎಂದಿಟ್ಟುಕೊಳ್ಳಿ. ಕಾರು ಅಂಗಳಕ್ಕೆ ಬಂದ ವಾರಕ್ಕೆ ಮಗನ ಬೇಡಿಕೆ ಶುರುವಾಗುತ್ತದೆ. ಕಬ್ಬಿಣದ ಕಪ್ಪು ಗಾಲಿ ತೆಗೆದು ಹೊಳೆಯುವ 'ಅಲಾಯ್' ಗಾಲಿ ಹಾಕಿಸಬೇಕು. ಮಾಸಿದ ಮುಂಭಾಗದ ಗ್ರಿಲ್ ಕಿತ್ತು ಹೊಸ ಜಾಲರಿ ಕೂರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಎರಡೂ ಸಿಗುತ್ತವೆ. "ದುಂದುವೆಚ್ಚ" ಎಂದು ತಂದೆ, "ನಿಮಗೆ ತಿಳಿಯದು" ಎಂದು ಮಗ. ಈ ವಾದದಲ್ಲಿ ತೀರ್ಪು ಹೇಳಬೇಕಾದದ್ದು ಹಣವೂ ಅಲ್ಲ, ಅಂದವೂ ಅಲ್ಲ. ಹೈಸ್ಕೂಲಿನ ಗಣಿತ ಮತ್ತು ಭೌತಶಾಸ್ತ್ರ ಸಾಕು.

ಟಯರಿನ ಮೈಮೇಲಿನ ಪಾಠ

ಮೊದಲು ಒಂದು ಹೆಸರಿನ ಗೊಂದಲ. ಅಲಾಯ್ ಎಂದರೆ ಮಿಶ್ರಲೋಹ. ಹಾಗೆ ನೋಡಿದರೆ ಹಳೆಯ ಗಾಲಿಯ ಉಕ್ಕು ಕೂಡ ಕಬ್ಬಿಣ ಮತ್ತು ಇಂಗಾಲದ ಮಿಶ್ರಲೋಹವೇ! ಅಂಗಡಿಯವರು ಅಲಾಯ್ ಎನ್ನುವುದು ಅಲ್ಯೂಮಿನಿಯಂ ಮಿಶ್ರಲೋಹವನ್ನು. ಅಲ್ಯೂಮಿನಿಯಂನ ಸಾಂದ್ರತೆ 2.7, ಉಕ್ಕಿನದು ಸುಮಾರು 7.8. ಹಾಗೆಂದು ಅಲಾಯ್ ಗಾಲಿ ಯಾವಾಗಲೂ ಹಗುರ ಎನ್ನುವಂತಿಲ್ಲ. ಬಲಕ್ಕಾಗಿ ಅದನ್ನು ದಪ್ಪವಾಗಿ ಎರಕ ಹೊಯ್ಯಬೇಕಾಗುತ್ತದೆ. ಗಾಲಿಯ ಅಳತೆಯೂ ದೊಡ್ಡದಾದರೆ ತೂಕ ಹಳೆಯದಕ್ಕಿಂತ ಹೆಚ್ಚಾಗಲೂಬಹುದು. ಕೊಳ್ಳುವ ಮುನ್ನ ಎರಡನ್ನೂ ತಕ್ಕಡಿಗೆ ಹಾಕಿಸುವುದು ಜಾಣತನ.

ಇನ್ನು ಟಯರಿನ ಪಕ್ಕೆಯ ಮೇಲಿರುವ ಬರಹ. ಇಂತಹ ಕಾರುಗಳಲ್ಲಿ 175/65 ಆರ್ 14 ಎಂಬಂತಹ ಅಳತೆ ಸಾಮಾನ್ಯ. 175 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡ 65ರಷ್ಟು. 'ಆರ್' ಎಂಬುದು ರೇಡಿಯಲ್ ಟಯರು ಎಂಬುದರ ಗುರುತು. 14 ಎಂಬುದು ಲೋಹದ ಗಾಲಿಯ ವ್ಯಾಸ, ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡವಾರು, ಅಂಗುಲ ಮೂರೂ ಸೇರಿವೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಎಲ್ಲಿ ಸಿಕ್ಕೀತು?

ಪಕ್ಕೆಯ ಎತ್ತರ 175ರ ಶೇಕಡ 65, ಅಂದರೆ 113.75 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 227.5. ಗಾಲಿಯ ವ್ಯಾಸ 14ನ್ನು 25.4ರಿಂದ ಗುಣಿಸಿದರೆ 355.6. ಒಟ್ಟು ವ್ಯಾಸ 583.1 ಮಿ.ಮೀ. ಇದನ್ನು 3.14ರಿಂದ ಗುಣಿಸಿದರೆ ಪರಿಧಿ ಸುಮಾರು 1.83 ಮೀಟರು. ಒಂದು ಕಿಲೋಮೀಟರು ಸಾಗಲು ಗಾಲಿ ಸುಮಾರು 546 ಸುತ್ತು ಸುತ್ತುತ್ತದೆ.

ಮಗನಿಗೆ 15 ಅಂಗುಲದ ಗಾಲಿ ಬೇಕು. ಆಗ ಟಯರಿನ ಪಕ್ಕೆ ತಗ್ಗಿಸಬೇಕು. 185/55 ಆರ್ 15 ಟಯರಿನ ಒಟ್ಟು ವ್ಯಾಸ 584.5 ಮಿ.ಮೀ. ಹಳೆಯದಕ್ಕೂ ಇದಕ್ಕೂ 2 ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಆದರೆ ಎತ್ತರವಾಗಿ ಕಾಣಲೆಂದು 195/65 ಆರ್ 15 ಹಾಕಿಸಿದರೆ ವ್ಯಾಸ 634.5 ಆಗುತ್ತದೆ. ಶೇಕಡ 8.8ರಷ್ಟು ಹೆಚ್ಚು!

ಮುಳ್ಳು ಹೇಳುವ ಸುಳ್ಳು

ಹೆಚ್ಚಾದರೆ ಏನಂತೆ? ಕಾರಿನ ವೇಗಮಾಪಕಕ್ಕೆ ರಸ್ತೆ ಕಾಣುವುದಿಲ್ಲ. ಅದು ಎಣಿಸುವುದು ಸುತ್ತುಗಳನ್ನು ಮಾತ್ರ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ಕಲಿಸಿದ ಪಾಠವನ್ನೇ ಒಪ್ಪಿಸುತ್ತದೆ. ಗಾಲಿ ದೊಡ್ಡದಾದರೆ ಅದೇ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗಿರುತ್ತದೆ. ಮುಳ್ಳು ಮೊದಲು ಸರಿಯಾಗಿ ತೋರಿಸುತ್ತಿತ್ತು ಎಂದುಕೊಂಡರೆ, ಈಗ ಅದು 80 ಎಂದಾಗ ಕಾರಿನ ನಿಜವಾದ ವೇಗ ಗಂಟೆಗೆ 87 ಕಿ.ಮೀ. ಸಾಮಾನ್ಯವಾಗಿ ತಯಾರಕರು ಮುಳ್ಳು ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ, ಚಾಲಕ ಎಚ್ಚರವಾಗಿರಲೆಂದು. ದೊಡ್ಡ ಗಾಲಿ ಆ ರಕ್ಷಣೆಯನ್ನು ನುಂಗಿಹಾಕುತ್ತದೆ.

ಏಳು ಕಿಲೋಮೀಟರು ಅಷ್ಟೇ ತಾನೇ ಎನ್ನಬೇಡಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. 1.088ನ್ನು ಅದರಿಂದಲೇ ಗುಣಿಸಿದರೆ 1.18. ಅಂದರೆ ಬ್ರೇಕು ತಡೆಯಬೇಕಾದ ಶಕ್ತಿ ಶೇಕಡ 18ರಷ್ಟು ಹೆಚ್ಚು. ತುಮಕೂರಿನಿಂದ ಶಿರಾ ಕಡೆಗೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಹೊತ್ತು, ದೀಪವಿಲ್ಲದ ಲಾರಿಯೊಂದು ಎದುರಿಗೆ ನಿಂತಿದ್ದರೆ ಈ 18ಕ್ಕೆ ಎಷ್ಟು ಬೆಲೆ ಎಂಬುದನ್ನು ಕಾರಿನ ಒಳಗಿರುವ ಐದು ಜೀವಗಳೇ ಹೇಳಬೇಕು.

ಗಾಲಿಯ ತೂಕದ್ದೂ ಒಂದು ಸ್ವಾರಸ್ಯವಿದೆ. ಗಾಲಿ ಮುಂದಕ್ಕೆ ಸಾಗುತ್ತದೆ, ಜೊತೆಗೆ ತಿರುಗುತ್ತದೆ. ಅದರ ಅಂಚಿನಲ್ಲಿ ಒಂದು ಕಿಲೋ ಹೆಚ್ಚಾದರೆ, ವೇಗ ಪಡೆಯುವಾಗ ಮತ್ತು ನಿಲ್ಲಿಸುವಾಗ ಅದು ಡಿಕ್ಕಿಯಲ್ಲಿಟ್ಟ ಎರಡು ಕಿಲೋಗೆ ಸಮ.

ಅಳತೆ ಹೊಂದುವ 185/55 ಟಯರಿಗೂ ಒಂದು ಬೆಲೆ ತೆರಬೇಕು. ಅದರ ಪಕ್ಕೆ 113.75ರಿಂದ 101.75 ಮಿ.ಮೀ.ಗೆ ಇಳಿದಿದೆ. ಗುಂಡಿಗೂ ಗಾಲಿಗೂ ನಡುವಿನ ಗಾಳಿಯ ಮೆತ್ತೆ 12 ಮಿ.ಮೀ. ತೆಳುವಾಯಿತು. ಹೊಂಡ ಬಿದ್ದ ಹಳ್ಳಿ ರಸ್ತೆಯಲ್ಲಿ ಉಕ್ಕಿನ ಗಾಲಿ ಪೆಟ್ಟಿಗೆ ಸಾಮಾನ್ಯವಾಗಿ ಬಾಗುತ್ತದೆ. ಎರಕದ ಅಲ್ಯೂಮಿನಿಯಂ ಗಾಲಿ ಬಿರುಕು ಬಿಡಬಹುದು. ಬಿರುಕು ಬಿಟ್ಟ ಗಾಲಿಯನ್ನು ಬೆಸುಗೆ ಹಾಕಿಸಿ ಓಡಿಸುವುದು ಸಲ್ಲದು.

ಬೋಲ್ಟು, ಭಾರ ಮತ್ತು ತಿರುಚು ಬಲ

ಗಾಲಿಯ ನಡುವೆ ನಾಲ್ಕು ರಂಧ್ರಗಳಿರುತ್ತವೆ. ಎದುರುಬದುರು ರಂಧ್ರಗಳ ಕೇಂದ್ರಗಳ ನಡುವಿನ ದೂರ ಕೆಲವು ಕಾರುಗಳಲ್ಲಿ 100 ಮಿ.ಮೀ., ಮತ್ತೆ ಕೆಲವಲ್ಲಿ 98. ಎರಡು ಮಿಲಿಮೀಟರು ಕಣ್ಣಿಗೆ ತಿಳಿಯದು. ಬಲವಂತವಾಗಿ ಕೂರಿಸಿದರೆ ಬೋಲ್ಟು ಓರೆಯಾಗಿ ಕೂತು, ಅಲುಗಾಟಕ್ಕೆ ಸಡಿಲವಾಗುತ್ತದೆ. ನಡುವಿನ ದೊಡ್ಡ ರಂಧ್ರವೂ ಕಾರಿನ ಗುಂಬಕ್ಕೆ ಸರಿಯಾಗಿ ಹೊಂದಬೇಕು.

ಗಾಲಿಯ ಒಳಗೆ 'ಇ.ಟಿ. 45' ಎಂಬಂತೆ ಕೆತ್ತಿರುತ್ತದೆ. ಗಾಲಿಯ ಅಗಲದ ನಟ್ಟನಡುವಿನಿಂದ ಅದು ಕಾರಿಗೆ ಅಂಟಿಕೊಳ್ಳುವ ಮುಖಕ್ಕೆ ಇರುವ ದೂರ ಅದು. 45ರ ಜಾಗದಲ್ಲಿ 20 ಹಾಕಿದರೆ ಗಾಲಿ 25 ಮಿ.ಮೀ. ಹೊರಗೆ ಚಾಚುತ್ತದೆ. ನೋಡಲು ಗಂಭೀರ! ಆದರೆ ಒಂದು ಗಾಲಿಯ ಮೇಲೆ 350 ಕಿಲೋ ಭಾರವಿದ್ದರೆ, ಅಂದರೆ ಸುಮಾರು 3,500 ನ್ಯೂಟನ್, ಅದನ್ನು 0.025 ಮೀಟರಿನಿಂದ ಗುಣಿಸಿ. ಬೇರಿಂಗಿನ ಮೇಲೆ 87 ನ್ಯೂಟನ್ ಮೀಟರಿನಷ್ಟು ಹೆಚ್ಚುವರಿ ತಿರುಚು ಬಲ, ಕಾರು ನಿಂತಾಗಲೂ ಓಡುವಾಗಲೂ.

ಬೋಲ್ಟು ಬಿಗಿಯುವುದೂ ಇದೇ ಲೆಕ್ಕ. ಇಂತಹ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರು ಬೇಕು. ನಿಖರ ಅಂಕಿ ಕಾರಿನ ಕೈಪಿಡಿಯಲ್ಲಿದೆ. 25 ಸೆಂ.ಮೀ. ಉದ್ದದ ಪಾನದ ತುದಿಯಲ್ಲಿ 40 ಕಿಲೋ ಭಾರದಷ್ಟು ಒತ್ತಿದರೆ ಅಷ್ಟಾಗುತ್ತದೆ. ಪಾನದ ಮೇಲೆ ಹತ್ತಿ ಕುಣಿಯಬೇಕಿಲ್ಲ. ಎದುರುಬದುರು ಬೋಲ್ಟುಗಳನ್ನು ಜೋಡಿಯಾಗಿ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಜಾಲರಿ ಬರಿಯ ಮೂಗುತಿಯಲ್ಲ

ಗ್ರಿಲ್ ಕಾರಿನ ಮೂಗುತಿ ಎಂದು ಹಲವರು ತಿಳಿದಿದ್ದಾರೆ. ಅದು ನಿಜವಾಗಿ ಮೂಗು. 80 ಕಿ.ಮೀ. ವೇಗದಲ್ಲಿ ಲೀಟರಿಗೆ 16 ಕಿ.ಮೀ. ಕೊಡುವ ಕಾರು ಗಂಟೆಗೆ 5 ಲೀಟರು ಪೆಟ್ರೋಲು ಸುಡುತ್ತದೆ. ಲೀಟರಿಗೆ ಸುಮಾರು 3.2 ಕೋಟಿ ಜೂಲ್ ಎಂದರೆ ಒಟ್ಟು ಸುಮಾರು 44 ಕಿಲೋವಾಟ್. ಇದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗಾಲಿ ತಿರುಗಿಸಲು, ಒಂದು ಪಾಲು ಹೊಗೆಯ ಜೊತೆ ಹೊರಕ್ಕೆ, ಮತ್ತೊಂದು ಪಾಲು ಎಂಜಿನ್ನಿನ ತಂಪುನೀರಿಗೆ. ಸುಮಾರು 15 ಕಿಲೋವಾಟ್! ಬಕೆಟ್ಟಿನಲ್ಲಿ ನೀರು ಕಾಯಿಸುವ ಒಂದು ಕಿಲೋವಾಟಿನ ಕಾಯಿಲ್‌ಗಳು ಹದಿನೈದನ್ನು ಒಟ್ಟಿಗೆ ಹಚ್ಚಿದಂತೆ. ಈ ಶಾಖವನ್ನು ರೇಡಿಯೇಟರು ಗಾಳಿಗೆ ಒಪ್ಪಿಸಬೇಕು. ಎಂಜಿನ್ನಿನಲ್ಲಿ 6 ಲೀಟರು ನೀರಿದ್ದು, ಗಾಳಿ ಪೂರ್ತಿ ನಿಂತರೆ, ನೀರಿನ ಉಷ್ಣತೆ ಸೆಕೆಂಡಿಗೆ 0.6 ಡಿಗ್ರಿಯಂತೆ ಏರುತ್ತದೆ. ಎಂಜಿನ್ನಿನ ಲೋಹವೂ ಒಂದಿಷ್ಟು ಶಾಖ ಹೀರುವುದರಿಂದ ಸ್ವಲ್ಪ ನಿಧಾನವಾದೀತು, ಅಷ್ಟೆ.

ನಿಧಾನವಾಗಿ ಹೋಗುವಾಗ ಫ್ಯಾನು ಗಾಳಿ ಎಳೆಯುತ್ತದೆ. ಹೆದ್ದಾರಿಯಲ್ಲಿ ಆ ಕೆಲಸದ ಹೆಚ್ಚು ಪಾಲು ಗ್ರಿಲ್ ಮೂಲಕ ನುಗ್ಗುವ ಗಾಳಿಯದು. ಅಂದದ ಜಾಲರಿ ಎಷ್ಟು ಗಾಳಿ ಬಿಡುತ್ತದೆ? ಚೌಕ ಕಣ್ಣು 8 ಮಿ.ಮೀ., ತಂತಿ 2 ಮಿ.ಮೀ. ಇದ್ದರೆ ಬಯಲು ಭಾಗ ಹತ್ತರಲ್ಲಿ ಎಂಟರ ವರ್ಗ, ಅಂದರೆ ಶೇಕಡ 64. ಕಣ್ಣು 4 ಮಿ.ಮೀ. ಆದರೆ ಆರರಲ್ಲಿ ನಾಲ್ಕರ ವರ್ಗ, ಕೇವಲ ಶೇಕಡ 44. ಧೂಳು, ಹುಳು ಅಂಟಿಕೊಂಡರೆ ಇನ್ನೂ ಕಡಿಮೆ. ಏಪ್ರಿಲ್ ಬಿಸಿಲಿನಲ್ಲಿ ಏ.ಸಿ. ಹಾಕಿಕೊಂಡು ಪಾವಗಡದ ದಾರಿ ಹಿಡಿದಾಗ ಇದರ ಫಲ ಉಷ್ಣತೆಯ ಮುಳ್ಳಿನಲ್ಲಿ ಕಾಣುತ್ತದೆ. ಆಗ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕಾಯಿರಿ. ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬೇಡಿ. ಅದು ಕುಕ್ಕರಿನ ಮುಚ್ಚಳದ ಹಾಗೆ ಒತ್ತಡ ಹಿಡಿದಿಟ್ಟು, 100 ಡಿಗ್ರಿ ದಾಟಿದರೂ ನೀರು ಕುದಿಯದಂತೆ ಮಾಡಿರುತ್ತದೆ. ತೆರೆದೊಡನೆ ನೀರು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯ ಪ್ರಕಾರ, ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಗ್ರಿಲ್ ಮುಂದೆ ಉಕ್ಕಿನ ಕಂಬಿಗಳ 'ಬುಲ್ ಬಾರ್' ಕಟ್ಟುವುದರ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು. ಅಂತಹ ಕಂಬಿ ಡಿಕ್ಕಿಯ ಪೆಟ್ಟನ್ನು ನೇರ ಕಾರಿನ ಚೌಕಟ್ಟಿಗೆ ದಾಟಿಸುತ್ತದೆ, ದಾರಿಹೋಕರಿಗೂ ಅಪಾಯ.

ಹಾಗಾದರೆ ಮಗನ ಆಸೆ ಬಿಡಬೇಕೆ? ಬೇಕಿಲ್ಲ. ಚಾಲಕನ ಬಾಗಿಲಿನ ಪಕ್ಕದ ಕಂಬದಲ್ಲಿ ಅಥವಾ ಕೈಪಿಡಿಯಲ್ಲಿ ಟಯರಿನ ಅಳತೆ ಕೊಟ್ಟಿರುತ್ತಾರೆ. ಅದೇ ಕಾರಿನ ದುಬಾರಿ ಮಾದರಿಗೆ ತಯಾರಕರೇ ಹಾಕುವ ಗಾಲಿ, ಅದೇ ಜಾಗದಲ್ಲಿ ಕೂರುವ ಮೂಲ ಗ್ರಿಲ್ ಎಲ್ಲಕ್ಕಿಂತ ಸುರಕ್ಷಿತ ಆಯ್ಕೆ. ಟಯರಿನ ಮೇಲಿನ ಕೊನೆಯ ಅಂಕಿಯನ್ನೂ ನೋಡಿ: 82 ಎಂದರೆ ಒಂದು ಟಯರು ಹೊರಬಲ್ಲ ಭಾರ 475 ಕಿಲೋ. ಹೊಸದರಲ್ಲಿ ಅದು ಹಳೆಯದಕ್ಕಿಂತ ಕಡಿಮೆ ಇರಬಾರದು. ವಿಮಾ ಕಂಪನಿಗೂ ಮೊದಲೇ ತಿಳಿಸಿ.

ಇದಕ್ಕೆಲ್ಲ ಮುಂಚೆ, ಕೊಂಡ ಹಳೆಯ ಟಯರುಗಳ ವಯಸ್ಸು ತಿಳಿಯಿರಿ. ಪಕ್ಕೆಯ ಮೇಲೆ 2319 ಎಂಬಂತೆ ನಾಲ್ಕಂಕಿಯಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ತುಳಿಪಟ್ಟಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಕಾನೂನೂ ಒಪ್ಪದು, ಮಳೆಯೂ ಕ್ಷಮಿಸದು. ಮೊದಲ ಖರ್ಚು ಟಯರು ಮತ್ತು ಬ್ರೇಕಿಗೆ. ಮಿಕ್ಕಿದ್ದು ಅಂದಕ್ಕೆ.

ಮಾಡಿ ನೋಡಿ

ಭಾನುವಾರ ಸಮತಟ್ಟಾದ ಜಾಗದಲ್ಲಿ ಟಯರಿಗೂ ನೆಲಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ. ದೊಡ್ಡವರು ಕಾರನ್ನು ನಿಧಾನವಾಗಿ, ಗಾಲಿ ಹತ್ತು ಸುತ್ತು ಬರುವಷ್ಟು ನಡೆಸಲಿ. ಮಕ್ಕಳು ದೂರದಿಂದ ಎಣಿಸಲಿ. ಕಾರು ನಿಂತ ಮೇಲೆ ಟೇಪು ಹಿಡಿದು ದೂರ ಅಳೆಯಿರಿ. 175/65 ಆರ್ 14 ಟಯರಿಗೆ ಲೆಕ್ಕದಂತೆ 18.3 ಮೀಟರು ಬರಬೇಕು. ಅದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಏಕೆಂದರೆ ಕಾರಿನ ಭಾರಕ್ಕೆ ಟಯರಿನ ಕೆಳಭಾಗ ಚಪ್ಪಟೆಯಾಗಿರುತ್ತದೆ. ಗಾಳಿ ಕಡಿಮೆಯಿದ್ದಾಗ ಮತ್ತೊಮ್ಮೆ ಅಳೆದು, ಎರಡು ಅಳತೆಗಳನ್ನೂ ಹೋಲಿಸಿ ನೋಡಿ. ಆಮೇಲೆ ಮರೆಯದೆ ಗಾಳಿ ತುಂಬಿಸಿ.